ಕಾರ್ಡ್‌ಲೆಸ್ ಡ್ರೈವರ್: ಸ್ಕ್ರೂ ಅರ್ಧಕ್ಕೇ ನಿಲ್ತದ, ತಲಿ ಸವೀತದ

ತೊಗರಿನಾಡು (ಕಲಬುರಗಿ): ಸಾಕಾಗೇದ್ರಿ. ಬಾಗಿಲಿಗೆ ಕಬ್ಜಾ (ಹಿಂಜ್) ಕೂಡಸ್ಬೇಕು. ಸ್ಕ್ರೂ ಅರ್ಧ ಹೋಗ್ತದ, ಆಮ್ಯಾಲ ಕಟಕಟ ಅಂತದ, ಪ್ಲಸ್ ಸವೆದು ಗುಂಡಗಾಗ್ತದ. ಒಮ್ಮೊಮ್ಮೆ ಮಷೀನೇ ನಿಲ್ತದ. ಬ್ಯಾಟರಿ ಫುಲ್ ಅದ. ವಾಪಸ್ ಕೊಡ್ಲೋ ಹ್ಯಾಂಗ?

ವೋಲ್ಟ್‌ಸಾಬ: ಬ್ಯಾಟರಿನೇ ನೋಡ್ರಿ. ಮೂರೂ ಲೈಟ್ ಉರಿದ್ರ ಫುಲ್ ಅಂತಲ್ಲ, ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯೋದು ಅದರಾಗ ಕಾಣಂಗಿಲ್ಲ. 1.5 ಆಂಪಿಯರ್-ಅವರಿನ (ಬ್ಯಾಟರಿ ಹಿಡಿಯೋ ಚಾರ್ಜಿನ ಅಳತಿ) ಸಣ್ಣ ಪ್ಯಾಕ್ ಇರಬೇಕು ನಿಮ್ದು. ಅದರ ಮ್ಯಾಲ ಈ ಬಿಸಿಲು! ಲಿಥಿಯಂ ಸೆಲ್ 45 ಡಿಗ್ರಿ ದಾಟಿದ್ರ ಚಾರ್ಜಿಗೆ ಹಾಕಬಾರದು. ಪತ್ರಾ ಶೆಡ್ಡಿನಾಗ ಇಡಬ್ಯಾಡ್ರಿ, ಕೆಲಸ ಮುಗದ ಮ್ಯಾಲ ತಣ್ಣಗಾಗಲಿಕ್ಕ ಬಿಟ್ಟು ಚಾರ್ಜ್ ಮಾಡ್ರಿ.

ಬೀದರ್ ಬಡಿಗ: ಯಾವ ಕಟ್ಟಿಗಿ? ಯಾವ ಸ್ಕ್ರೂ? ತೂತು ಹಾಕೀರೋ ಇಲ್ಲೋ? ಒಂದೂ ಬರದಿಲ್ಲ. ಕಟಕಟ ಅಂದಾಗ ಚಕ್ (ಬಿಟ್ ಹಿಡಿಯೋ ಮೂತಿ) ನೋಡ್ರಿ. ಚಕ್ ನಿಂತು ಸದ್ದು ಬಂದ್ರ ಅದು ಕ್ಲಚ್, ಜೋರು ಮಿತಿ ದಾಟಿದ್ರ ಚಕ್ ಬಿಟ್ಟುಕೊಡೂದು, ತನ್ನ ಕೆಲಸ ಮಾಡ್ಲಕತ್ತದ. ಚಕ್ ತಿರುಗಿ ಬಿಟ್ ತಲಿಯಿಂದ ಜಿಗಿದ್ರ ಬಿಟ್‌ದೇ ತಕರಾರು. ಸದ್ದಿಲ್ಲದ ನಿಂತ್ರ ಓವರ್‌ಲೋಡ್ ಕಟಾಫ್, ಲೋಡ್ ಹೆಚ್ಚಾಗಿ ಮಷೀನ್ ತಾನೇ ಬಂದ್ ಆಗೂದು.

ವೋಲ್ಟ್‌ಸಾಬ: ಕಟಾಫ್ ಅಂದ್ರ ಬ್ಯಾಟರಿನೇ ಆಯ್ತಲ್ರಿ. 20 ವೋಲ್ಟಿನ ಮಷೀನ್, 4 ಆಂಪಿಯರ್-ಅವರ್ ಪ್ಯಾಕ್ ಹಾಕಿ ನೋಡ್ಲಿ.

ಸುರಪುರ ಸುತ್ತಿಗಿ: 20 ಅನ್ನೂದು ಡಬ್ಬಿ ಮ್ಯಾಲಿನ ಮಾತು. ಒಳಗ 3.6 ವೋಲ್ಟಿನ ಐದು ಸೆಲ್, ಒಟ್ಟು 18. ಚಾರ್ಜರಿನಿಂದ ತೆಗೆದ ಗಳಿಗ್ಯಾಗ 21ರ ಹತ್ರ ಇರ್ತದ, ಅಷ್ಟೇ.

ವೋಲ್ಟ್‌ಸಾಬ: ಗೊತ್ತದ್ರಿ. 12 ವೋಲ್ಟಿನ ಮಷೀನಿಗಿಂತ ಚಲೋ ಅಂದೆ.

ತೊಗರಿನಾಡು: ಹಳೇ ಸಾಗವಾನಿ ಚೌಕಟ್ಟು. 4 ಇಂಚ್ ಕಬ್ಜಾ, 35×8 (35 ಮಿ.ಮೀ. ಉದ್ದ, 8 ನಂಬರ್ ದಪ್ಪ) ಸ್ಟೀಲ್ ಸ್ಕ್ರೂ. ಸ್ಕ್ರೂ ಮೊನಿ ಚೂಪೇ ಅದ, ತೂತು ಯಾಕ? ಕ್ಲಚ್ ರಿಂಗ್ ಡ್ರಿಲ್ ಚಿತ್ರದ ಮ್ಯಾಲ ಅದ. ಬಿಟ್ ಮಷೀನ್ ಸಂಗಡ ಬಂದಿದ್ದು, ಪಿಎಚ್1 (ಪ್ಲಸ್ ಬಿಟ್‌ದ ಸಣ್ಣ ಅಳತಿ) ಅಂತ ಬರದದ.

ಬೀದರ್ ಬಡಿಗ: ಇದನ್ನ ಮೊದಲೇ ಹೇಳಬಾರದೇನ್ರಿ! ಡ್ರಿಲ್ ಚಿತ್ರಕ್ಕಿಟ್ರ ಕ್ಲಚ್ ಬಿಡಂಗೇ ಇಲ್ಲ, ಪೂರಾ ಜೋರು ತಲಿ ಮ್ಯಾಲ ಬೀಳ್ತದ. ಪಿಎಚ್1 ಈ ತಲಿಯೊಳಗ ಕೂತಂಗ ಕಾಣ್ತದ, ಆದ್ರ ಲಡಬಡ ಅಂತದ. ಪಿಎಚ್2 ತರ್ರಿ. ಪ್ಲಸ್ ನಡುವಿನ ಮೂಲ್ಯಾಗ ಸಣ್ಣ ಗೆರಿ ಇದ್ದ ಸ್ಕ್ರೂಕ್ಕ ಮಾತ್ರ ಪಿಝಡ್2 (ಪೋಝಿಡ್ರೈವ್) ಬಿಟ್.

8 ನಂಬರ್ ಸ್ಕ್ರೂ ಸುಮಾರು 4.2 ಮಿ.ಮೀ. ದಪ್ಪ. ಹಳೇ ಸಾಗವಾನಿಗೆ 3 ಮಿ.ಮೀ. ತೂತು ಬೇಕೇ ಬೇಕು, ಸ್ಕ್ರೂ ಹೋಗೋವಷ್ಟು ಆಳ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರ್ತು ಮಾಡ್ಕೊಳ್ರಿ. ಕಬ್ಜಾ ಇಟ್ಟು ಅದರ ತೂತಿನ ನಟ್ಟನಡುವ ಮೊಳಿಯಿಂದ ಚುಚ್ಚಿ ಸುರು ಮಾಡ್ರಿ. ಓರೆ ಆದ್ರ ತಲಿ ಕಬ್ಜಾದಾಗ ಕೂಡಂಗಿಲ್ಲ. ಸ್ಕ್ರೂ ಎಳಿಗೆ ಮೇಣದಬತ್ತಿ ತಿಕ್ಕ್ರಿ. ಸಾಬೂನು ಬ್ಯಾಡ, ತೇವ ಹಿಡಿದು ತುಕ್ಕು ತರ್ತದ.

ಗೇರ್ 1 (ಮೆಲ್ಲಕ ತಿರುಗೂದು). ರಿಂಗ್ 5ಕ್ಕಿಟ್ಟು, ತಲಿ ಕೂಡೋ ತನಕ ಒಂದೊಂದೇ ಏರಿಸ್ರಿ. ಮಷೀನ್ ಸ್ಕ್ರೂ ನೇರಕ್ಕಿರಲಿ, ಹಿಂದಿನಿಂದ ಒತ್ತು ಗಟ್ಟಿ, ಟ್ರಿಗರ್ ಮೆಲ್ಲಕ. ಬಿಟ್ ಬದಲಿಸುವಾಗ ಬ್ಯಾಟರಿ ತೆಗೀರಿ. ಬಾಗಿಲ ಕೆಳಗ ಬೆಣಿ ಕೊಡ್ರಿ; ಒಂದು ಕೈಲೆ ಬಾಗಿಲ, ಒಂದು ಕೈಲೆ ಮಷೀನ್ ಹಿಡಿದ್ರ ಬಿಟ್ ಜಾರಿ ಬೆರಳಿಗೇ ಬರೂದು.

ಸುರಪುರ ಸುತ್ತಿಗಿ: ಸವೆದ ಸ್ಕ್ರೂ ತಲಿ ಹೊರಗ ಇದ್ರ ಲಾಕಿಂಗ್ ಪ್ಲಾಯರ್‌ಲೆ ಹಿಡಿದು ತಿರುವ್ರಿ. ಇಲ್ಲಾ ಹ್ಯಾಕ್ಸಾದಿಂದ ತಲಿಗೆ ಗೀರು ಹಾಕಿ ಚಪ್ಪಟಿ ಡ್ರೈವರ್. ಅದರ ಬದ್ಲಿ ಕರೀ ಜಿಪ್ಸಂ ಸ್ಕ್ರೂ ಹಾಕೀರಿ ಮತ್ತ! ಪೆಡಸು ಅವು, ಸಾಗವಾನಿಯೊಳಗ ಕುತ್ತಿಗಿ ಮುರೀತಾವ.

ವೋಲ್ಟ್‌ಸಾಬ: ಇಷ್ಟೆಲ್ಲಾ ಯಾಕ? ಬ್ರಶ್‌ಲೆಸ್ ಇಂಪ್ಯಾಕ್ಟ್ ಡ್ರೈವರ್ (ಬಡಿದು ಬಡಿದು ತಿರುವೂದು) ತಗೊಳ್ರಿ. ನನ್ನ ಹತ್ರ ಎರಡವ, ಒಂದರಾಗ ಪಿಎಚ್2, ಒಂದರಾಗ ಟಾರ್ಕ್ಸ್ (ನಕ್ಷತ್ರದ ಆಕಾರದ ಬಿಟ್) ಕಾಯಂ. ಚಾರ್ಜರ್‌ಗಳಿಗೆ ಗೋಡಿ ಮ್ಯಾಲ ಸ್ಟ್ಯಾಂಡ್ ಬ್ಯಾರೆ.

ಬೀದರ್ ಬಡಿಗ: ಸಾಮಾನ್ಯವಾಗಿ ಇಂಪ್ಯಾಕ್ಟಿಗೆ ಕ್ಲಚ್ ಇರಂಗಿಲ್ಲ. ಹಿತ್ತಾಳಿ ಸ್ಕ್ರೂ ಅದಕ್ಕ ಕೊಟ್ರ ತಲಿ ಕೈಗೆ ಬರ್ತದ. ಹಿತ್ತಾಳಿ ಹಾಕೋದಿದ್ರ ಮೊದಲ ಅದೇ ಅಳತಿ ಸ್ಟೀಲ್ ಸ್ಕ್ರೂ ಏರಿಸಿ ತೆಗೀರಿ, ಆಮ್ಯಾಲ ಹಿತ್ತಾಳಿ ಕೈಲೆ.

ಚಿತ್ತಾಪುರ ಚಾಣ: ನಡುವ ಒಂದು ಕೇಳ್ತೀನ್ರಿ. ಇದೇ ಮಷೀನ್‌ಲೆ ಶಹಾಬಾದ್ ಪರ್ಸಿಗೆ (ಹಾಸುಗಲ್ಲಿಗೆ) 6 ಮಿ.ಮೀ. ತೂತು ಆಗ್ತದೇನು?

ಸುರಪುರ ಸುತ್ತಿಗಿ: ಆಗ್ತದ. ಕಾರ್ಬೈಡ್ ತುದಿ ಬಿಟ್, ಹ್ಯಾಮರ್ ಬಂದ್, ಅಂಚಿನಿಂದ ದೂರ, ಕಣ್ಣಿಗೆ ಚಷ್ಮಾ. ಪರ್ಸಿ ಎಷ್ಟು ದಪ್ಪ? ಕೆಳಗ ಕಟ್ಟಿಗಿ ಆಸರ ಕೊಡ್ಲಿಕ್ಕ ಜಾಗ ಅದನೋ ಇಲ್ಲೋ?