ಪದಚರ್ಚೆ: ಎಲ್ಲರೂ ಕೈಹಾಕುವ ಸಣ್ಣ ತಟ್ಟೆ, ನೆಂಚಿಕೆಯೋ ಮೇಲೋಗರವೋ?

ಎಲ್ಲರಿಗೂ ನಮಸ್ಕಾರ.

ನನಗೆ ಎರಡು ಪದ ಬೇಕಾಗಿವೆ. ಎರಡೂ ಊಟಕ್ಕೆ ಸಂಬಂಧಿಸಿದ್ದು. ಹದಿನೈದು ದಿನದಿಂದ ಇದೇ ಯೋಚನೆ.

ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಒಂದು ಪುಟ್ಟ ಹೋಟೆಲು ಶುರು ಮಾಡಿದ್ದಾಳೆ. ದುರ್ಗಿಗುಡಿಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಐದು ಮೇಜು, ಗೋಡೆ ಪಕ್ಕ ಒಂದು ಬೆಂಚು, ಹಿಂದೆ ಚಿಕ್ಕ ಅಡುಗೆಮನೆ. ಬೆಂಗಳೂರಿನಲ್ಲಿ ಆರು ವರ್ಷ ಬೇರೆಯವರ ಹೋಟೆಲಿನಲ್ಲಿ ದುಡಿದು ಬಂದವಳು. ಅವಳು ಮಾಡುವುದು ಥಾಯ್ಲೆಂಡ್, ವಿಯೆಟ್ನಾಂ, ಚೀನಾ, ಕೊರಿಯಾ ಕಡೆಯ ಅಡುಗೆ. ಆದರೆ ಸಾಮಾನು ಅರ್ಧಕ್ಕರ್ಧ ನಮ್ಮ ಮಲೆನಾಡಿನದು. ಮೂರು ದಿನ ನೀರು ಬದಲಿಸಿ ನೆನೆಹಾಕಿದ ಕಳಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಸೋಯಾ ಸಾಸ್ ಹಾಕಿ ಬಾಡಿಸುತ್ತಾಳೆ. ಒತ್ತು ಶಾವಿಗೆಗೆ ತೆಂಗಿನ ಹಾಲು, ಸೂಜಿ ಮೆಣಸು, ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್). ಥಾಯ್ ಅಡುಗೆಯ ಪರಿಮಳ ಅಂತ ಪಟ್ಟಣದವರು ಹೇಳುವ ಆ ಹುಲ್ಲು ನಮ್ಮ ಮನೆಯ ಬಚ್ಚಲ ಹಿಂದೆ ಪೊದೆಯಾಗಿ ಬೆಳೆದಿದೆ. ನೆಗಡಿಯಾದರೆ ಕಷಾಯಕ್ಕೆ ಹಾಕುತ್ತೇವೆ.

ಅಲ್ಲಿ ಊಟ ಅಂತ ಒಬ್ಬೊಬ್ಬರಿಗೆ ಒಂದೊಂದು ತುಂಬಿದ ತಟ್ಟೆ ಬರುವುದಿಲ್ಲ. ಅಂಗೈ ಅಗಲದ ತಟ್ಟೆಗಳು ಒಂದಾದ ಮೇಲೆ ಒಂದು ಬರುತ್ತವೆ. ಮೇಜಿನ ನಡುವೆ ಇಡುತ್ತಾರೆ. ಕೂತವರೆಲ್ಲ ಅದರಿಂದಲೇ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಬೇಕು. ಐದಾರು ತಟ್ಟೆ ಬರುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ.

"ಚಿಕ್ಕಮ್ಮ, ಹೊರಗಿನ ಬೋರ್ಡು ಕನ್ನಡದಲ್ಲಿ ಬರೆಸಿದೆ. ಮೆನು ಕಾರ್ಡೂ ಕನ್ನಡದಲ್ಲೇ ಇರಲಿ ಅಂತ ಆಸೆ. ನೀವೇ ಬರೆದುಕೊಡಿ" ಅಂದಳು. ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತು. ಮೆನು ಮಾತ್ರ ಅವಳ ಸ್ವಂತ ಆಸೆ. ಹಾಗಾಗಿ ಈ ಕೆಲಸವನ್ನು ಚೆನ್ನಾಗಿ ಮಾಡಿಕೊಡಬೇಕು ಅಂತ ನನಗೂ ಹಟ.

ಮೊದಲ ಪದ, ಆ ಸಣ್ಣ ತಟ್ಟೆಗಳದ್ದು. ಯಾರೋ 'ಕಿರುತಟ್ಟೆ' ಅಂತ ಸೂಚಿಸಿದ್ದರು. ಬರೆದು ನೋಡಿದೆ. ಸರಿ ಬರಲಿಲ್ಲ. ಯಾಕೆ ಅಂತ ಯೋಚಿಸುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ 'ತಟ್ಟೆ' ಅಂದರೆ ಪಾತ್ರೆ. 'ಪ್ಲೇಟು' ಅಂದರೆ ಅಳತೆ. 'ಒಂದು ಪ್ಲೇಟ್ ಇಡ್ಲಿ ಕೊಡಿ' ಅಂತೀವಿ, 'ಒಂದು ತಟ್ಟೆ ಇಡ್ಲಿ ಕೊಡಿ' ಅಂದರೆ ಅಗಲದ ತಟ್ಟೆ ಇಡ್ಲಿಯೇ ಬರುತ್ತದೆ. 'ಹಾಫ್ ಪ್ಲೇಟ್' ಅನ್ನುವುದು ಎಲ್ಲರಿಗೂ ಗೊತ್ತು, 'ಅರ್ಧ ತಟ್ಟೆ' ಅಂದರೆ ಒಡೆದ ತಟ್ಟೆ ಅಂದುಕೊಳ್ಳುತ್ತಾರೆ. 'ಕಿರುತಟ್ಟೆ' ಅಂತ ಬರೆದರೆ ಪಾತ್ರೆ ಅಂಗಡಿಯ ಪಟ್ಟಿ ಓದಿದ ಹಾಗಿರುತ್ತದೆ, ತಿನ್ನುವುದು ಕಣ್ಣಿಗೆ ಬರುವುದಿಲ್ಲ. 'ಬಟ್ಟಲು' ಇನ್ನೂ ಕಷ್ಟ. ಮೈಸೂರಿನವರಿಗೆ ಅದು ಗುಂಡಗಿನ ಸಣ್ಣ ಪಾತ್ರೆ. ಘಟ್ಟದ ಕೆಳಗಿನವರಲ್ಲಿ ಎಷ್ಟೋ ಜನರಿಗೆ ಊಟದ ತಟ್ಟೆಯೇ ಬಟ್ಟಲು.

ಆದರೆ ನಿಜವಾದ ತೊಡಕು ತಿಳಿದದ್ದು ನನ್ನ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಬಂದಿದ್ದರು. ಮೊದಲ ತಟ್ಟೆ ಬಂತು, ಕಳಲೆಯದು. ನಡುವೆ ಇಟ್ಟು ಹುಡುಗ ಹೋದ. ಅಮ್ಮ ಅದನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ಯಾರ ತಟ್ಟೆ?"

ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ನಮ್ಮಲ್ಲಿ ತಟ್ಟೆಗೆ ಒಬ್ಬ ಯಜಮಾನ ಇರಲೇಬೇಕು. ಬಾಳೆ ಎಲೆ ಹಾಕಿದರೂ 'ಇದು ನಿನ್ನ ಎಲೆ' ಅಂತೀವಿ. ಪಾತ್ರೆಯಿಂದ ಬಡಿಸುತ್ತೇವೆ, ತಟ್ಟೆಯಿಂದ ತಿನ್ನುತ್ತೇವೆ. ಬಡಿಸುವ ಪಾತ್ರೆಗೆ ತಿನ್ನುವವರು ಕೈಹಾಕುವ ಹಾಗಿಲ್ಲ, ತಿನ್ನುವ ತಟ್ಟೆಗೆ ಇನ್ನೊಬ್ಬರು ಕೈಹಾಕಿದರೆ ಎಂಜಲು. ಈ ಸಣ್ಣ ತಟ್ಟೆ ಎರಡರ ನಡುವಿನದು. ಅದನ್ನು ಬಡಿಸುವವರೂ ಇಲ್ಲ, ಅದಕ್ಕೆ ಯಜಮಾನರೂ ಇಲ್ಲ. ಅಂಥ ತಟ್ಟೆಯೇ ಇಲ್ಲದ ಮೇಲೆ ಅದಕ್ಕೊಂದು ಹೆಸರು ಎಲ್ಲಿಂದ ಬರಬೇಕು, ಅಲ್ವಾ?

ಹಂಚಿಕೊಂಡು ತಿನ್ನುವುದು ನಮಗೆ ಹೊಸದೇನಲ್ಲ. ಹೋಟೆಲಿನಲ್ಲಿ ಕಾಫಿ 'ಬೈಟು' ಮಾಡಿಸುತ್ತೇವೆ, ಸೂಪೂ ಬೈಟು. ಆದರೆ ಬೈಟು ಅಂದರೆ ಬಂದ ಕೂಡಲೇ ಎರಡು ಲೋಟಕ್ಕೆ ಪಾಲು ಆಗಿರುತ್ತದೆ. ನಿನ್ನದು ನಿನಗೆ, ನನ್ನದು ನನಗೆ. ಇನ್ನೊಂದು ಇದೆ, ಕೈತುತ್ತು. ಬೆಳದಿಂಗಳ ರಾತ್ರಿ ಅಜ್ಜಿ ದೊಡ್ಡ ಹರಿವಾಣದಲ್ಲಿ ಅನ್ನ ಕಲಸಿ ಸುತ್ತ ಕೂತ ಏಳೆಂಟು ಮಕ್ಕಳ ಕೈಗೆ ಒಂದೊಂದೇ ತುತ್ತು ಹಾಕುತ್ತಿದ್ದರು. ಒಂದೇ ಪಾತ್ರೆ, ಎಲ್ಲರ ಕೈ. ಅಲ್ಲಿ ಯಾರಿಗೂ ಎಂಜಲು ನೆನಪಾಗುತ್ತಿರಲಿಲ್ಲ, ಯಾಕೆಂದರೆ ಹಾಕುವ ಕೈ ಒಂದೇ. ಅಮ್ಮನಿಗೆ ಇದನ್ನೇ ಹೇಳಿ ಒಂದು ಚಮಚ ಅವರ ತಟ್ಟೆಗೆ ನಾನೇ ಹಾಕಿದೆ. ಆಮೇಲೆ ಆರಾಮಾಗಿ ತಿಂದರು. ಕಳಲೆ ಚೆನ್ನಾಗಿದೆ, ಸ್ವಲ್ಪ ಹುಳಿ ಬೇಕಿತ್ತು, ವಾಟೆಹುಳಿ ಹಾಕು ಅಂತ ಮೊಮ್ಮಗಳಿಗೆ ಹೇಳಿ ಬಂದರು.

ಬೇರೆ ನುಡಿಗಳು ಇಂಥದ್ದಕ್ಕೆ ಹೇಗೆ ಹೆಸರಿಟ್ಟಿವೆ ಅಂತ ನೋಡಿದೆ. ಸ್ಪೇನಿನವರ 'ತಾಪಾಸ್' ಎಂಬ ಪದದ ಮೂಲದಲ್ಲಿರುವುದು ಮುಚ್ಚಳ. ಟರ್ಕಿ, ಲೆಬನಾನ್ ಕಡೆಯ 'ಮೆಝೆ' ಪಾರ್ಸಿಯ ರುಚಿ ಎಂಬ ಪದದಿಂದ ಬಂದದ್ದು. ನಮ್ಮ 'ಮಜಾ' ಕೂಡ ಅದರ ಮಗುವೇ. ಚೀನಿಯರ 'ಡಿಮ್ ಸಮ್' ಎಂಬುದರ ಎರಡು ಅಕ್ಷರಗಳಲ್ಲಿ ಒಂದು ಚುಕ್ಕೆ, ಇನ್ನೊಂದು ಹೃದಯ. ಎದೆಯನ್ನು ಹಗುರಾಗಿ ಮುಟ್ಟುವುದು ಅಂತ ಬಿಡಿಸಿ ಹೇಳುತ್ತಾರೆ. ಇವರಲ್ಲಿ ಯಾರೂ ತಟ್ಟೆಯ ಅಳತೆ ಹಿಡಿದು ಹೆಸರಿಟ್ಟಿಲ್ಲ. ನಾವು ಯಾಕೆ ಇಡಬೇಕು?

ಕನ್ನಡ ಇಂಥದ್ದಕ್ಕೆ ಹೆಸರಿಡುವುದು ತಿನ್ನುವ ರೀತಿಯಿಂದ. ನನಗೆ ಇಷ್ಟವಾದ ಪದ 'ನೆಂಚಿಕೊಳ್ಳು'. 'ರೊಟ್ಟಿಗೆ ನೆಂಚಿಕೊಳ್ಳೋಕೆ ಏನಿದೆ?' ಅಂತ ನಮ್ಮ ಮನೆಯಲ್ಲಿ ದಿನಾ ಕೇಳುವ ಮಾತು. ಕೆಲವರು ನಂಚಿಕೊಳ್ಳು ಅಂತಾರೆ, ಕೆಲವರು ನಂಜಿಕೊಳ್ಳು ಅಂತಾರೆ. ತೆಲುಗಿನಲ್ಲೂ ಇದೇ ಪದ ಇದೆ, ನಂಜುಕೊನು. ತಮಿಳಿನವರು 'ತೊಟ್ಟುಕೊಳ್ಳ' ಅಂತಾರೆ, ಮುಟ್ಟಿಸಿಕೊಳ್ಳುವುದು ಅಂತ ಅರ್ಥ. ಉತ್ತರ ಕರ್ನಾಟಕದವರು 'ಹಚ್ಚಿಕೊಂಡು' ತಿನ್ನುತ್ತಾರೆ. ಎಲ್ಲದರಲ್ಲೂ ಸ್ವಲ್ಪವೇ ತೆಗೆದುಕೊಳ್ಳುವ, ಮುಟ್ಟಿ ಬಿಡುವ ಭಾವ ಇದೆ. ಸಣ್ಣ ತಟ್ಟೆಯ ಊಟವೂ ಹಾಗೆಯೇ. ಅದಕ್ಕೇ 'ನೆಂಚಿಕೆ' ಅಂತ ನಾಮಪದ ಮಾಡಿ ಮೆನುವಿನ ತಲೆಗೆ ಹಾಕೋಣ ಅನ್ನಿಸಿತು. 'ನಂಜಿಕೆ' ಅಂತ ಮಾತ್ರ ಬೇಡ. ನಂಜು ಅಂದರೆ ವಿಷ, ಹೋಟೆಲಿಗೆ ಆಗದ ಮಾತು.

ಆದರೆ ಅಕ್ಕ ತಕ್ಷಣ ಅಡ್ಡ ಹಾಕಿದಳು. "ನೆಂಚಿಕೊಳ್ಳೋದು ಯಾವುದಕ್ಕೆ? ಅನ್ನವೋ ರೊಟ್ಟಿಯೋ ಇರಬೇಕಲ್ಲ" ಅಂದಳು. ಅವಳ ಮಾತು ನಿಜ. ಕೊರಿಯಾದವರ 'ಬಂಚನ್' ಸಣ್ಣ ಬಟ್ಟಲುಗಳು ಅನ್ನದ ಸುತ್ತಲೇ ಬರುತ್ತವೆ, ಅವುಗಳಿಗೆ ನೆಂಚಿಕೆ ಸರಿಯಾಗಿ ಹೊಂದುತ್ತದೆ. ಇಲ್ಲಿ ನಡುವೆ ಅನ್ನವೇ ಇಲ್ಲ. ಮದುವೆಯ ದಿಬ್ಬಣ ಇದೆ, ಮದುಮಗ ಇಲ್ಲ ಅನ್ನುವ ಹಾಗೆ.

'ಮೇಲೋಗರ'ಕ್ಕೂ ಇದೇ ತೊಂದರೆ. ಓಗರ ಅಂದರೆ ಅನ್ನ. ಅದರ ಮೇಲೆ ಹಾಕಿಕೊಳ್ಳುವುದು ಮೇಲೋಗರ. 'ವ್ಯಂಜನ' ಕೂಡ ಹಾಗೇ, ಅನ್ನದ ಜೊತೆಗಿನದು. ಸ್ವರದ ಜೊತೆ ಸೇರಿ ನಿಲ್ಲುವ ಅಕ್ಷರಕ್ಕೂ ಅದೇ ಹೆಸರು ಇರುವುದು ನೋಡಿದರೆ ಸೊಗಸು ಅನ್ನಿಸುತ್ತದೆ, ಆದರೆ ಮೆನುವಿನಲ್ಲಿ ಬರೆದರೆ ಹಿಂದಿ ಹೋಟೆಲಿನ ಹಾಗೆ ಕೇಳುತ್ತದೆ. 'ತಿನಿಸು' ಸುಮ್ನೆ ಎಲ್ಲದಕ್ಕೂ ಆಗುತ್ತದೆ, ಹಾಗಾಗಿ ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ. 'ಸೈಡ್ಸ್' ಬಾರಿನ ಮಾತು. ಮನೆಮಂದಿ ಬರುವ ಜಾಗಕ್ಕೆ ಬೇಡ ಅಂತ ಹುಡುಗಿಯೇ ಹೇಳಿದಳು.

ಈಗ ಎರಡನೆಯ ಪದ. ಎರಡು ಮೂರು ದೇಶದ ಅಡುಗೆಯನ್ನು ಕೂಡಿಸುವುದಕ್ಕೆ 'ಫ್ಯೂಷನ್' ಅಂತಾರೆ. ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಪದವೇ ಇದೆ, ಕಲಸುಮೇಲೋಗರ. ಅನ್ನ ಮೇಲೋಗರ ಎಲ್ಲ ಸೇರಿಸಿ ಕಲಸಿದ್ದು. ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಬೈಗುಳವಾಗಿಬಿಟ್ಟಿದೆ. ಭಾಷಣ ಗೊಂದಲವಾಗಿದ್ದರೆ, ಮಂತ್ರಿಮಂಡಲ ಹೊಂದಿಕೆಯಿಲ್ಲದೆ ಇದ್ದರೆ ಕಲಸುಮೇಲೋಗರ ಅಂತೀವಿ. ನನಗೆ ಇದರಿಂದ ಬೇಸರ. ಥಾಯ್ ನುಡಿಯಲ್ಲಿ 'ಟಾಮ್ ಯಮ್' ಅನ್ನುವ ಹುಳಿಖಾರದ ಸೂಪು ಲೋಕಕ್ಕೆಲ್ಲ ಹೆಸರುವಾಸಿ. ಟಾಮ್ ಅಂದರೆ ಕುದಿಸುವುದು, ಯಮ್ ಅಂದರೆ ಕಲಸುವುದು. ಅವರು ಕಲಸುವುದನ್ನು ಹೆಮ್ಮೆಯಿಂದ ಹೆಸರಿಗೆ ಇಟ್ಟುಕೊಂಡರು. ನಮ್ಮ ಬಾಯಲ್ಲಿ ಅದು ಗೊಂದಲಕ್ಕೆ ಇನ್ನೊಂದು ಹೆಸರಾಯಿತು. ಕಲಸಿದ ಅನ್ನದ ರುಚಿ ನಮಗೆ ಅವರಿಗಿಂತ ಕಡಿಮೆ ಗೊತ್ತೇ?

'ಬೆರಕೆ' ನನಗೆ ಹತ್ತಿರವಾಗಿದೆ. ಬೆರಕೆ ಸೊಪ್ಪಿನ ಸಾರು ಅಂದರೆ ಯಾರಿಗೆ ಬೇಡ? ಹೊಲದ ಬದುವಿನಲ್ಲಿ ಸಿಕ್ಕ ಹತ್ತು ಬಗೆ ಸೊಪ್ಪು ಕೂಡಿ ಬರುವ ರುಚಿ ಒಂದೇ ಸೊಪ್ಪಿನಿಂದ ಬರುವುದಿಲ್ಲ. ಫ್ಯೂಷನ್ ಅಂದರೆ ಇದೇ ತಾನೇ. ಆದರೆ ಅದರ ಹಿಂದೆ 'ಕಲ' ಸೇರಿಕೊಂಡರೆ ಕಲಬೆರಕೆ. ಆಹಾರದ ವಿಷಯದಲ್ಲಿ ಅದಕ್ಕಿಂತ ಕೆಟ್ಟ ಪದ ಇಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಹೊರಡಿಸಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಊರುಗಳಿಗೆ ಮೊದಲು ಬಂದ ಬೆರಕೆ ಅಡುಗೆಯೂ ಆ ಗೋಬಿಯೇ. ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮಾಡಿದರು ಅನ್ನುವ ಚಿಕನ್ ಮಂಚೂರಿಯನ್, ಹೂಕೋಸಿನ ವೇಷ ಹಾಕಿ ಸಾಗರ, ಸೊರಬದ ಸಂಜೆ ಗಾಡಿಯವರೆಗೂ ಬಂತು. ಅದನ್ನು ಯಾರೂ ಫ್ಯೂಷನ್ ಅನ್ನಲಿಲ್ಲ, ಹೂಕೋಸು ಅಂತಲೂ ಅನ್ನಲಿಲ್ಲ. 'ಗೋಬಿ' ಅಂದರು, ಅಷ್ಟೇ. ಜನ ತಿನ್ನುತ್ತಾ ತಿನ್ನುತ್ತಾ ಹೆಸರು ತಾನಾಗಿ ನಿಂತಿತು. ಹಾಗಂತ ಕಾಯುತ್ತಾ ಕೂರುವ ಹಾಗಿಲ್ಲ, ಮೆನು ಅಚ್ಚಿಗೆ ಹೋಗಬೇಕು.

ಕೊನೆಗೆ ಮೋಮೋ. ಟಿಬೆಟನ್ನರು 1960ರ ದಶಕದಿಂದ ಮುಂಡಗೋಡಿನಲ್ಲಿ ನೆಲೆಸಿದ್ದಾರೆ, ಆ ಕಡೆ ಓಡಾಡುವ ನಮ್ಮವರಿಗೆ ಮೋಮೋ ಹೊಸದಲ್ಲ. ಅವಳು ಅದಕ್ಕೆ ಅಣಬೆ ತುಂಬುತ್ತಾಳೆ. 'ಅಣಬೆ ಕಡುಬು' ಅಂತ ಬರೆಯೋಣ ಅಂದೆ. ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮ ಮಲೆನಾಡಿನಲ್ಲಿ ಕಡುಬು ಅಂದರೆ ಅಕ್ಕಿ ತರಿಯ ಉಂಡೆ, ಹಬೆಯಲ್ಲಿ ಬೆಂದದ್ದು, ಒಳಗೆ ಏನೂ ಇರುವುದಿಲ್ಲ. ಕೋಳಿಸಾರಿನ ಜೋಡಿ ಅದು. ಅಕ್ಕನ ಗಂಡ ಬಯಲುಸೀಮೆಯವರು. ಅವರಿಗೆ ಕಡುಬು ಅಂದರೆ ಒಳಗೆ ಹೂರಣ ಇರಲೇಬೇಕು. ಹಲಸಿನ ಎಲೆಯ ಕೊಟ್ಟೆ ಕಡುಬು ತಿಂದು ಬೆಳೆದವರಿಗೆ ಇನ್ನೊಂದು. ಮೋಮೋ ಹಬೆಯಲ್ಲಿ ನಮ್ಮ ಕಡುಬಿನಂತೆ ಬೇಯುತ್ತದೆ, ಹೂರಣದಲ್ಲಿ ಭಾವನವರ ಕಡುಬಿನಂತಿದೆ. ಎರಡೂ ಕಡೆಯವರು ಒಪ್ಪಬಹುದು ಅಂತ ನನ್ನ ಲೆಕ್ಕ. ಹುಡುಗಿ ಮಾತ್ರ 'ಮೋಮೋ ಅಂತಲೇ ಇರಲಿ, ಅದು ಅವರ ಪದ, ಕಿತ್ತುಕೊಳ್ಳೋದು ಬೇಡ' ಅಂದಳು. ಅವಳ ಮಾತೇ ಸರಿ ಅನ್ನಿಸಿ ಹಾಗೇ ಬಿಟ್ಟೆ.

ಸದ್ಯಕ್ಕೆ ಕರಡಿನಲ್ಲಿ ಸಣ್ಣ ತಟ್ಟೆಗಳ ಪಟ್ಟಿಗೆ 'ತುತ್ತು' ಅಂತ ಬರೆದಿದ್ದೇನೆ. ಕೈತುತ್ತಿನ ನೆನಪಿಗೆ. ಅದರಲ್ಲಿ ಅಳತೆ ಇದೆ, ಅನ್ನ ಇರಲೇಬೇಕು ಅಂತ ಹಟ ಇಲ್ಲ, ಕೊಟ್ಟು ತೆಗೆದುಕೊಳ್ಳುವ ಭಾವ ಇದೆ. 'ಕಳಲೆ ತುತ್ತು', 'ಶಾವಿಗೆ ತುತ್ತು' ಅಂತ ಓದಿದರೆ ನನ್ನ ಕಿವಿಗೆ ಹಿತವಾಗಿದೆ. ಅಡುಗೆಯ ಬಗೆಗೆ 'ಬೆರಕೆ ಅಡುಗೆ' ಅಂತ ಬರೆದು ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ.

ನಿಮ್ಮಿಂದ ಮೂರು ವಿಷಯ ಬೇಕು. ನಿಮ್ಮ ಊರಿನಲ್ಲಿ ನೆಂಚು, ನಂಚು, ನಂಜು ಇವುಗಳಲ್ಲಿ ಯಾವ ರೂಪ ಬಳಕೆಯಲ್ಲಿದೆ, ಅದರಿಂದ ಬಂದ ನಾಮಪದ ಯಾರ ಬಾಯಲ್ಲಾದರೂ ಕೇಳಿದ್ದೀರಾ? 'ಬೆರಕೆ' ಅಂದ ಕೂಡಲೇ ನಿಮಗೆ ಮೊದಲು ನೆನಪಾಗುವುದು ಸೊಪ್ಪೋ, ಮೋಸವೋ? ಮತ್ತೆ, ನಮ್ಮ ಹಳ್ಳಿಗಳಲ್ಲಿ ಎಲ್ಲಾದರೂ ನಾಲ್ಕು ಜನ ಒಂದೇ ತಟ್ಟೆಗೆ ಕೈಹಾಕಿ ತಿನ್ನುವ ಪದ್ಧತಿ ಇದ್ದರೆ, ಆ ತಟ್ಟೆಗೆ ಏನನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಮುಂದಿನ ಸೋಮವಾರ ಮೆನು ಅಚ್ಚಿಗೆ ಹೋಗುತ್ತದೆ.