ಸ್ಲೀವ್ ಆದ ಮೇಲೆ ಬೈಪಾಸ್: ಒಪ್ಪಿಕೊಳ್ಳೋ ಮೊದಲು ಏನೇನು ಕೇಳಬೇಕು?

ಕೇಳಿದ್ದು

ತಂಗಿಗೆ 36 ವರ್ಷ, ಎತ್ತರ 158 ಸೆಂ.ಮೀ. ಐದು ವರ್ಷದ ಹಿಂದೆ ತೂಕ ಇಳಿಸೋಕೆ ಹೊಟ್ಟೆ ಕಿರಿದು ಮಾಡೋ ಸ್ಲೀವ್ ಆಪರೇಷನ್ ಆಯ್ತು. ಆಗ 118 ಕೆಜಿ ಇದ್ದಳು, ಒಂದೂವರೆ ವರ್ಷಕ್ಕೆ 79ಕ್ಕೆ ಇಳಿದಳು, ಈಗ ಮತ್ತೆ 93. ತೂಕಕ್ಕಿಂತ ದೊಡ್ಡ ಕಾಟ ಎದೆಯುರಿ. ರಾತ್ರಿ ಹುಳಿನೀರು ಗಂಟಲಿಗೆ ಬಂದು ಕೆಮ್ಮುತ್ತಾ ಎದ್ದು ಕೂರುತ್ತಾಳೆ. ಆಮ್ಲ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಮಾತ್ರೆ ದಿನಕ್ಕೆ ಎರಡು ನುಂಗಿದರೂ ಅಷ್ಟಕ್ಕಷ್ಟೆ. ಒಬ್ಬ ಡಾಕ್ಟರು ಸ್ಲೀವನ್ನು ಹೊಟ್ಟೆ ಬೈಪಾಸ್‌ಗೆ ಬದಲಿಸೋಣ ಅಂದರು. ಇನ್ನೊಬ್ಬರು ಮಿನಿ ಬೈಪಾಸ್ ಸಾಕು, ಬೇಗ ಮುಗಿಯುತ್ತೆ ಅಂದರು. ಶುಗರ್, ಬಿಪಿ ಇಲ್ಲ. ಮನೆಯಲ್ಲಿ ಸಸ್ಯಾಹಾರ, ದಿನಾ ಒಂದು ಹೊತ್ತು ಮುದ್ದೆ. ಯಾವುದನ್ನು ಆರಿಸಬೇಕು, ಆಮೇಲೆ ಏನು ಬದಲಾಗುತ್ತೆ, ಇನ್ಶೂರೆನ್ಸ್ ಕೊಡುತ್ತಾ? ಬಲ್ಲವರು ಹೇಳಿ.

ಬೇರಿಯಾಟ್ರಿಕ್ (ಬೊಜ್ಜಿನ) ಸರ್ಜರಿ ಕಡೆಯಿಂದ

ಸರ್, ಮೊದಲು ಬದಲಾವಣೆ ಯಾತಕ್ಕೆ ಅನ್ನೋದು ಇತ್ಯರ್ಥ ಆಗಲಿ. ತೂಕಕ್ಕೋ, ಎದೆಯುರಿಗೋ? ಯಾವ ಆಪರೇಷನ್ ಅನ್ನೋದನ್ನು ತೀರ್ಮಾನಿಸೋದು ಆ ಕಾರಣವೇ, ಥಿಯೇಟರಿನಲ್ಲಿ ಎಷ್ಟು ಬೇಗ ಮುಗಿಯುತ್ತೆ ಅನ್ನೋದಲ್ಲ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು ಬಾಳೆಕಾಯಿ ಆಕಾರದ ಕೊಳವೆ ಉಳಿಸಿರುತ್ತಾರೆ. ಕೆಳಗಡೆ ಪೈಲೋರಸ್ ಅನ್ನೋ ಬಾಗಿಲು ಹಾಗೇ ಇರುತ್ತೆ. ಮೊದಲಿನ ಹೊಟ್ಟೆ ಊಟ ಬಿದ್ದಾಗ ಹಿಗ್ಗುತ್ತಿತ್ತು, ಈ ಕೊಳವೆ ಹಿಗ್ಗೋದಿಲ್ಲ. ಒಳಗೆ ಒತ್ತಡ ಏರಿ ಆಮ್ಲ ಮೇಲಕ್ಕೆ ನುಗ್ಗುತ್ತೆ. ಜೊತೆಗೆ ಕೊಳವೆಯ ತುದಿ ವಪೆ ದಾಟಿ ಎದೆಗೂಡಿಗೆ ಜಾರಿದ್ದರೆ (ಹಯಾಟಸ್ ಹರ್ನಿಯಾ) ಮಾತ್ರೆ ಎಷ್ಟು ಕೊಟ್ಟರೂ ಹುಳಿನೀರು ನಿಲ್ಲೋದು ಕಷ್ಟ. ಇನ್ನೂ ಒಂದು ಸಾಧ್ಯತೆ ಇದೆ. ಕೊಳವೆ ನಡುವೆ ಬಾಗೋ ಕಡೆ ಕಿರಿದಾಗಿರಬಹುದು, ಇಲ್ಲಾ ತಿರುಚಿಕೊಂಡಿರಬಹುದು. ಅದಕ್ಕೆ ಕೆಲವು ಸಲ ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸಿದರೇ ಸಾಕಾಗುತ್ತೆ.

ಹಾಗಾಗಿ ಆಪರೇಷನ್ ತಾರೀಖು ಕೇಳೋ ಮೊದಲು ಮೂರು ಪರೀಕ್ಷೆ ಆಗಿದೆಯಾ ನೋಡಿ. ಎಂಡೋಸ್ಕೋಪಿ ಮಾಡಿಸಿ, ವರದಿಯಲ್ಲಿ ಅನ್ನನಾಳದ ಹುಣ್ಣಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಬರೆಸಿಕೊಳ್ಳಿ. ಸಿ, ಡಿ ಅಥವಾ ಬ್ಯಾರೆಟ್ಸ್ (ಆಮ್ಲ ತಾಗಿ ತಾಗಿ ಅನ್ನನಾಳದ ಒಳಪದರ ಬದಲಾಗೋದು) ಬಂದಿದ್ದರೆ ರಿಫ್ಲಕ್ಸ್, ಅಂದರೆ ಆಮ್ಲ ಮೇಲಕ್ಕೆ ನುಗ್ಗೋದರ ಬಗ್ಗೆ ಅನುಮಾನವೇ ಬೇಡ. ಬರೀ ಎ ದರ್ಜೆ ಅಂದರೆ ಸಾಲದು. ಆಗ 24 ಗಂಟೆಯ ಪಿಹೆಚ್ ಪರೀಕ್ಷೆ ಬೇಕು, ಅದಕ್ಕೆ ಏಳು ದಿನ ಮೊದಲೇ ಪ್ಯಾಂಟೊಪ್ರಜೋಲ್ ನಿಲ್ಲಿಸಿರಬೇಕು. ಒಟ್ಟು ಸಮಯದ 6 ಶೇಕಡಾಗಿಂತ ಹೆಚ್ಚು ಹೊತ್ತು ಅನ್ನನಾಳದಲ್ಲಿ ಆಮ್ಲ ಇದ್ದರೆ ರಿಫ್ಲಕ್ಸ್ ಖಚಿತ, 4ಕ್ಕಿಂತ ಕಡಿಮೆ ಇದ್ದರೆ ಬೇರೆ ಕಾರಣ ಹುಡುಕಬೇಕು. ಮೂರನೆಯದು ಬೇರಿಯಂ ಥರದ ಔಷಧಿ ಕುಡಿಸಿ ತೆಗೆಯೋ ಎಕ್ಸ್‌ರೇ. ಕೊಳವೆ ಕಿರಿದಾಗಿದ್ದರೆ, ತಿರುಚಿದ್ದರೆ, ಮೇಲೆ ಜಾರಿದ್ದರೆ ಅದರಲ್ಲಿ ಚೆನ್ನಾಗಿ ಕಾಣುತ್ತೆ.

ಈಗ ಬೈಪಾಸ್ ವಿಷಯ. ಕೊಳವೆಯನ್ನು ಅನ್ನನಾಳದಿಂದ ಸ್ವಲ್ಪ ಕೆಳಗೆ ಅಡ್ಡ ಕತ್ತರಿಸಿ ಸುಮಾರು 30 ಮಿ.ಲೀ. ಹಿಡಿಯೋ ಪುಟ್ಟ ಚೀಲ ಮಾಡುತ್ತಾರೆ. ಉಳಿದ ಕೊಳವೆ ಒಳಗೇ ಇರುತ್ತೆ, ಊಟ ಮಾತ್ರ ಅತ್ತ ಹೋಗೋದಿಲ್ಲ. ಸಣ್ಣ ಕರುಳನ್ನು ಮೊದಲ 50–100 ಸೆಂ.ಮೀ. ಬಿಟ್ಟು ತುಂಡರಿಸಿ, ಕೆಳಗಿನ ತುದಿಯನ್ನು ಮೇಲೆ ತಂದು ಆ ಚೀಲಕ್ಕೆ ಹೊಲಿಯುತ್ತಾರೆ. ಪಿತ್ತರಸ ಹೊತ್ತು ಬರೋ ಇನ್ನೊಂದು ತುದಿಯನ್ನು 100–150 ಸೆಂ.ಮೀ. ಕೆಳಗೆ ಜೋಡಿಸುತ್ತಾರೆ. ಪಿತ್ತ ಗಂಟಲಿಗೆ ಬರಬೇಕಾದರೆ ಮೀಟರಿಗಿಂತ ಉದ್ದದ ಕರುಳನ್ನು ಹಿಮ್ಮುಖವಾಗಿ ಏರಬೇಕು. ಅದು ಆಗೋ ಮಾತಲ್ಲ.

ಮಿನಿ ಬೈಪಾಸ್‌ನಲ್ಲಿ ಜೋಡಣೆ ಒಂದೇ. ಪಿತ್ತರಸ ಆ ಜೋಡಣೆಯ ಪಕ್ಕದಲ್ಲೇ ಹರಿದು ಹೋಗುತ್ತೆ. ತೂಕಕ್ಕೆ, ಶುಗರ್‌ಗೆ ಒಳ್ಳೆಯ ಆಪರೇಷನ್ನೇ, ನಾನೇನು ಅಲ್ಲಗಳೆಯಲ್ಲ. ಆದರೆ ಅನ್ನನಾಳ ಆಗಲೇ ಸುಟ್ಟುಕೊಂಡಿರೋ ಹೆಂಗಸಿಗೆ ಆಮ್ಲದ ಜಾಗದಲ್ಲಿ ಪಿತ್ತ ಕಳಿಸೋ ಅಪಾಯ ಯಾಕೆ? ಪಿತ್ತಕ್ಕೆ ಪ್ಯಾಂಟೊಪ್ರಜೋಲ್ ಕೂಡ ಕೆಲಸ ಮಾಡೋದಿಲ್ಲ. ನಿಮ್ಮ ತಂಗಿಯ ಲಕ್ಷಣಗಳಿಗೆ ರೂ-ಎನ್-ವೈ, ಅಂದರೆ ಎರಡು ಜೋಡಣೆಯ ಬೈಪಾಸ್ಸೇ ಸರಿ.

ಡಾಕ್ಟರನ್ನು ನೇರವಾಗಿ ಕೇಳಬೇಕಾದ್ದು: ಹಯಾಟಸ್ ಹರ್ನಿಯಾ ಇದ್ದರೆ ಅದೇ ಸಲ ಹೊಲಿಯುತ್ತೀರಾ? ಕರುಳು ಮೇಲೆ ತಂದಾಗ ಹಿಂದೆ ಉಳಿಯೋ ಎರಡು ಸಂದುಗಳನ್ನು ಕರಗದ ದಾರದಲ್ಲಿ ಮುಚ್ಚುತ್ತೀರಾ? ಹಳೆಯ ಆಪರೇಷನ್ ನೋಟ್ಸ್ ನೋಡಿದ್ದೀರಾ? ಡಿಸ್ಚಾರ್ಜ್ ಸಮ್ಮರಿ ಬೇರೆ, ಆಪರೇಷನ್ ನೋಟ್ಸ್ ಬೇರೆ. ಕೊಳವೆಯ ಅಳತೆ, ಆಗ ಹರ್ನಿಯಾ ಕಂಡಿತ್ತಾ ಅನ್ನೋದೆಲ್ಲ ಎರಡನೆಯದರಲ್ಲಿ ಇರುತ್ತೆ. ಹಳೆ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್‌ನಲ್ಲಿ ಅರ್ಜಿ ಕೊಟ್ಟು ತನ್ನಿ. ಮೊದಲ ಆಪರೇಷನ್ನಿಗಿಂತ ಎರಡನೆಯದರಲ್ಲಿ ಲೀಕ್ (ಹೊಲಿಗೆ ಸೋರೋದು), ರಕ್ತಸ್ರಾವ ಎರಡರ ಸಾಧ್ಯತೆಯೂ ಹೆಚ್ಚು. ಹಳೆ ಹೊಲಿಗೆಯ ಸುತ್ತ ಒಳಗೆಲ್ಲ ಅಂಟಿಕೊಂಡಿರುತ್ತೆ, ಗೋಡೆ ದಪ್ಪಗಾಗಿರುತ್ತೆ. ಇಂಥ ಹಳೆ ಆಪರೇಷನ್ ಬದಲಿಸೋ ರಿವಿಜನ್ ಎಷ್ಟು ಮಾಡಿದ್ದೀರಿ ಅಂತ ಕೇಳೋಕೆ ಸಂಕೋಚ ಬೇಡ.

ಕೇಳಿದವರು

ಬಹಳ ಉಪಕಾರ ಆಯ್ತು ಡಾಕ್ಟ್ರೇ. ಎಂಡೋಸ್ಕೋಪಿ ಆಗಿದೆ, ದರ್ಜೆ ಸಿ, ಸಣ್ಣ ಹರ್ನಿಯಾ ಅಂತಲೂ ಇದೆ. ಆಪರೇಷನ್‌ವರೆಗೆ ರಾತ್ರಿ ಕಾಟಕ್ಕೆ ಏನು ಮಾಡೋದು? ಬೈಪಾಸ್ ಆದ ಮೇಲೆ ತೂಕ ಮತ್ತೆ 79ಕ್ಕೆ ಬರುತ್ತಾ? ತೂಕಕ್ಕೆ ವಾರಕ್ಕೊಂದು ಇಂಜೆಕ್ಷನ್ ಇದೆ ಅಂತಾರಲ್ಲ, ಅದು?

ಅದೇ ಡಾಕ್ಟರು

ಸಿ ದರ್ಜೆ ಅಂದರೆ ಪಿಹೆಚ್ ಪರೀಕ್ಷೆಗೆ ದುಡ್ಡು ಖರ್ಚು ಮಾಡೋದು ಬೇಡ.

ಮಾತ್ರೆಯನ್ನು ಊಟ ಆದ ಮೇಲೆ ನುಂಗುತ್ತಿದ್ದಾರಾ ವಿಚಾರಿಸಿ, ತುಂಬಾ ಜನ ಹಾಗೇ ಮಾಡೋದು. ಪ್ಯಾಂಟೊಪ್ರಜೋಲ್ ತಿಂಡಿಗೆ, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಹೋಗಬೇಕು. ರಾತ್ರಿ ಊಟ ಆಗಿ ಮೂರು ಗಂಟೆ ಕಳೆದ ಮೇಲೆ ಮಲಗಲಿ. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಆರು ಇಂಚಿನ ಮರದ ಹಲಗೆ ಇಡಿ. ದಿಂಬು ಏರಿಸಿದರೆ ಕತ್ತು ಮಡಚುತ್ತೆ ಅಷ್ಟೆ, ಪ್ರಯೋಜನವಿಲ್ಲ.

ತೂಕದ ಬಗ್ಗೆ ಆಸೆ ಹುಟ್ಟಿಸೋದಿಲ್ಲ. ಎದೆಯುರಿಗೆ ಈ ಬದಲಾವಣೆ ಚೆನ್ನಾಗಿ ಕೆಲಸ ಮಾಡುತ್ತೆ. ತೂಕ ಇಳಿಯುತ್ತೆ, ಆದರೆ ಮೊದಲ ಸಲದ ಹಾಗೆ ಸರಸರನೆ ಇಳಿಯೋದಿಲ್ಲ. ಬರೀ ತೂಕಕ್ಕೆ ಕೇಳಿದ್ದರೆ ಮೊದಲು ಊಟದ ಲೆಕ್ಕ, ಆಮೇಲೆ ಇಂಜೆಕ್ಷನ್, ಕೊನೆಗೆ ಕತ್ತರಿ ಅಂತ ಹೇಳುತ್ತಿದ್ದೆ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎರಡೂ 2025ರಿಂದ ತೂಕಕ್ಕೆ ಅಂತಲೇ ನಮ್ಮಲ್ಲಿ ಸಿಗುತ್ತಿವೆ. ಆದರೆ ಅವು ಹೊಟ್ಟೆ ಖಾಲಿಯಾಗೋದನ್ನು ನಿಧಾನ ಮಾಡುತ್ತವೆ, ಹುಳಿನೀರಿನ ಕಾಟ ಇದ್ದವರಿಗೆ ಅದು ಹೆಚ್ಚಾಗಲೂಬಹುದು. ಈಗ ಯಾರಾದರೂ ಶುರು ಮಾಡಿಸಿದ್ದರೆ ಅರಿವಳಿಕೆ ಕೊಡೋ ಡಾಕ್ಟರಿಗೆ ತಪ್ಪದೆ ಹೇಳಿ. ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದು ಶ್ವಾಸಕೋಶಕ್ಕೆ ಇಳಿದೀತು.

ಡಯಟೀಷಿಯನ್

ಸ್ಲೀವ್ ಆದಾಗ ವಿಟಮಿನ್ ಮಾತ್ರೆ ಆಗೊಮ್ಮೆ ಈಗೊಮ್ಮೆ ಮರೆತರೂ ನಡೆದಿರಬಹುದು. ಬೈಪಾಸ್ ಆದ ಮೇಲೆ ನಡೆಯಲ್ಲ ಸರ್. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳೋ ಜಾಗವನ್ನೇ ಊಟ ದಾಟಿ ಹೋಗುತ್ತೆ.

ಆಪರೇಷನ್‌ಗೆ ಮೊದಲೇ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಪಿಟಿಹೆಚ್, ಆಲ್ಬುಮಿನ್ ನೋಡಿಸಿ, ಕಡಿಮೆ ಇದ್ದದ್ದನ್ನು ಆಗಲೇ ತುಂಬಿಸಿ. ಐದು ವರ್ಷದ ಸ್ಲೀವ್, ಸಸ್ಯಾಹಾರ, ದಿನಾ ಪ್ಯಾಂಟೊಪ್ರಜೋಲ್: ಬಿ12 ಸರಿಯಾಗಿದ್ದರೆ ನನಗೇ ಆಶ್ಚರ್ಯ.

ಆಮೇಲೆ ಜೀವನಪೂರ್ತಿ ಬೇಕಾದ್ದು: ದಿನಾ ಮಲ್ಟಿವಿಟಮಿನ್, ಅದರಲ್ಲಿ ಥಯಮಿನ್ ಕನಿಷ್ಠ 12 ಮಿ.ಗ್ರಾಂ. ಇರಲಿ. ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಬಾಯಿಗೆ, ಇಲ್ಲದಿದ್ದರೆ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್. ಮುಟ್ಟಾಗೋ ವಯಸ್ಸಿನವರಿಗೆ ಶುದ್ಧ ಕಬ್ಬಿಣ 45–60 ಮಿ.ಗ್ರಾಂ. ಮಾತ್ರೆಯ ಹಿಂದೆ 'ಎಲಿಮೆಂಟಲ್' ಅಂತ ಬರೆದಿರೋ ಅಂಕಿ ನೋಡಿ, ಮುಂದೆ ದಪ್ಪಕ್ಷರದಲ್ಲಿ ಇರೋದನ್ನಲ್ಲ. ಕ್ಯಾಲ್ಸಿಯಂ ದಿನಕ್ಕೆ 1200–1500 ಮಿ.ಗ್ರಾಂ., ಒಂದು ಸಲಕ್ಕೆ 500–600 ಮೀರದಂತೆ. ಅಂಗಡಿಯಲ್ಲಿ ಬರೀ 'ಕ್ಯಾಲ್ಸಿಯಂ ಕೊಡಿ' ಅಂದರೆ ಕೈಗೆ ಬರೋದು ಹೆಚ್ಚಾಗಿ ಕಾರ್ಬೊನೇಟ್, ಅದು ಕರಗೋಕೆ ಆಮ್ಲ ಬೇಕು. ಸಿಟ್ರೇಟ್ ಅಂತ ಕೇಳಿ ತನ್ನಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ. ಬೆಳಗ್ಗೆ 8ಕ್ಕೆ ಕ್ಯಾಲ್ಸಿಯಂ, 11ಕ್ಕೆ ನಿಂಬೆರಸದ ಜೊತೆ ಕಬ್ಬಿಣ, ಮಧ್ಯಾಹ್ನ 2ಕ್ಕೆ ಮತ್ತು ರಾತ್ರಿ 8ಕ್ಕೆ ಮತ್ತೆ ಕ್ಯಾಲ್ಸಿಯಂ ಅಂತ ಫೋನಿನಲ್ಲಿ ಅಲಾರಂ ಇಟ್ಟುಬಿಡಿ. 11ರ ಆಸುಪಾಸು ಕಾಫಿ ಬೇಡ. ಆಫೀಸಿನ ಕಾಫಿ ಹೊತ್ತು ಅದೇ ಅಂತ ಗೊತ್ತು, ಬೇಕಾದರೆ ಮಾತ್ರೆಯ ಹೊತ್ತು ಬದಲಿಸಿ.

ಪ್ರೋಟೀನ್ ದಿನಕ್ಕೆ 60–80 ಗ್ರಾಂ. ನಮ್ಮ ಮನೆ ಊಟದಲ್ಲಿ ಎಡವೋದು ಇಲ್ಲೇ. ತಿಳಿಸಾರಿನಲ್ಲಿ ಬೇಳೆ ಇದೆ ಅನ್ನೋದು ಬರೀ ಸಮಾಧಾನ. ಪನೀರ್ 100 ಗ್ರಾಂನಲ್ಲಿ ಸುಮಾರು 18, ಗಟ್ಟಿ ಮೊಸರು 200 ಗ್ರಾಂನಲ್ಲಿ 6–7, ಹೆಸರುಬೇಳೆ 50 ಗ್ರಾಂ ಬೇಯಿಸಿದ ಗಟ್ಟಿ ತೊವ್ವೆಯಲ್ಲಿ 12, ಒಣ ಸೋಯಾ ಚಂಕ್ಸ್ 30 ಗ್ರಾಂನಲ್ಲಿ 15. ಕೂಡಿಸಿದರೆ 50ರ ಹತ್ತಿರ. ಉಳಿದದ್ದು ವೇ (ಹಾಲಿನ ಪ್ರೋಟೀನ್) ಪುಡಿಯಿಂದ ಬರಬೇಕು. ಮೊದಲ ತಿಂಗಳು ಇಷ್ಟನ್ನು ತಿನ್ನೋಕೇ ಆಗಲ್ಲ, ಆಗ ಪುಡಿಯೇ ಆಧಾರ.

ಮೊದಲ ಎರಡು ವಾರ ಬರೀ ನೀರುಪದಾರ್ಥ, ಆಮೇಲೆ ಎರಡು ವಾರ ನುಣ್ಣಗೆ ಮಸೆದದ್ದು, ಮತ್ತೆ ಮೆತ್ತಗಿನದು. ಎಲ್ಲರ ಹಾಗೆ ಊಟ ಆರರಿಂದ ಎಂಟು ವಾರ ಕಳೆದ ಮೇಲೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ.

ಸ್ಲೀವ್‌ನವರು ಹೋಳಿಗೆ ತಿಂದು ಹೇಗೋ ಪಾರಾಗುತ್ತಾರೆ. ಬೈಪಾಸ್‌ನಲ್ಲಿ ಅದೇ ಹೋಳಿಗೆ, ಪಾನಕ, ಕೇಸರಿಬಾತ್ ನೇರ ಕರುಳಿಗೆ ಇಳಿದು ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಭೇದಿ. ಅದಕ್ಕೆ ಡಂಪಿಂಗ್ ಅಂತ ಹೆಸರು. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಇಳಿದು ಕೈ ನಡುಗುತ್ತೆ. ಆಗ ಮತ್ತೆ ಸಿಹಿ ತಿಂದರೆ ಅದೇ ಚಕ್ರ ಮತ್ತೆ ಸುತ್ತುತ್ತೆ.

ಬೇರಿಯಾಟ್ರಿಕ್ ವಾರ್ಡಿನ ನರ್ಸ್

ಮನೆಗೆ ಹೋದ ಮೇಲಿನ ಮಾತು ಹೇಳ್ತೀನಿ ಅಣ್ಣ.

ಮೊದಲ ವಾರ ನಾಡಿ ನೋಡ್ತಾ ಇರಿ. ಸುಮ್ಮನೆ ಮಲಗಿದ್ದಾಗಲೂ 120 ದಾಟಿದರೆ, ಜ್ವರ, ಎಡ ಭುಜದಲ್ಲಿ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಸಿ ಕೂರಬೇಡಿ. ಲೀಕ್ ಇರಬಹುದು, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೊರಡಿ. ಮೂರರಿಂದ ಆರನೇ ವಾರದ ಹೊತ್ತಿಗೆ ಚೆನ್ನಾಗಿ ಇಳೀತಿದ್ದ ಗಂಜಿ ದಿನದಿನಕ್ಕೆ ನಿಲ್ಲೋಕೆ ಶುರುವಾದರೆ ಜೋಡಣೆ ಕಿರಿದಾಗಿದೆ ಅಂತ ಲೆಕ್ಕ. ಬಲೂನ್ ಹಾಕಿ ಹಿಗ್ಗಿಸ್ತಾರೆ.

ಇನ್ನೊಂದು ಮಾತ್ರ ಗಟ್ಟಿಯಾಗಿ ನೆನಪಿಡಿ. ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ನಮ್ಮಲ್ಲಿ ಏನು ಮಾಡ್ತಾರೆ? ಬೀದಿ ತುದಿಯ ಕ್ಲಿನಿಕ್ಕಿಗೆ ಹೋಗಿ 'ಸುಸ್ತು, ಒಂದು ಬಾಟ್ಲು ಗ್ಲೂಕೋಸ್ ಹಾಕಿ' ಅಂತಾರೆ. ಇಂಥವರ ಮೈಯಲ್ಲಿ ಥಯಮಿನ್ (ಬಿ1) ಆಗಲೇ ಬತ್ತಿರುತ್ತೆ. ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದೂ ಖರ್ಚಾಗಿ ನಡಿಗೆ ತೂರಾಡುತ್ತೆ, ಒಂದು ಎರಡಾಗಿ ಕಾಣುತ್ತೆ, ಮರೆವು ಬರುತ್ತೆ. ಕೆಲವರಿಗೆ ಅದು ಪೂರ್ತಿ ವಾಸಿಯಾಗಲ್ಲ. ಮೊದಲು ರಕ್ತನಾಳಕ್ಕೆ ಥಯಮಿನ್, ಆಮೇಲೆ ಗ್ಲೂಕೋಸ್. 'ಹೊಟ್ಟೆ ಬೈಪಾಸ್ ಆಗಿದೆ, ಥಯಮಿನ್ ಮೊದಲು, ಬ್ರೂಫೆನ್–ಡೈಕ್ಲೋಫೆನಾಕ್ ಬೇಡ' ಅಂತ ಒಂದು ಚೀಟಿ ಬರೆದು ಅವರ ಪರ್ಸಲ್ಲಿ ಇಡಿ. ಬರೀ 'ಬೈಪಾಸ್' ಅಂತ ಬರೆದರೆ ಹಾರ್ಟ್ ಬೈಪಾಸ್ ಅಂದ್ಕೋತಾರೆ.

ಆ ನೋವಿನ ಮಾತ್ರೆ ಯಾಕೆ ಬೇಡ ಅಂದರೆ ಜೋಡಣೆ ಹತ್ತಿರ ಹುಣ್ಣಾಗುತ್ತೆ, ತೂತೂ ಬೀಳಬಹುದು. ಪ್ಯಾರಾಸಿಟಮಾಲ್ ತಗೊಳ್ಳಬಹುದು. ಬೀಡಿ, ಸಿಗರೇಟು, ಹೊಗೆಸೊಪ್ಪಿನಿಂದಲೂ ಈ ಹುಣ್ಣಾಗಬಹುದು, ಮನೆಯಲ್ಲಿ ಯಾರಿಗೆ ಆ ಅಭ್ಯಾಸ ಇದ್ದರೂ ತಿಳಿದಿರಲಿ.

ವರ್ಷಗಳಾದ ಮೇಲೂ ಹೊಕ್ಕುಳ ಸುತ್ತ ಹಿಂಡಿ ಹಿಂಡಿ ನೋವು ಬಂದರೆ ಕರುಳು ಒಳಗಿನ ಸಂದಿನಲ್ಲಿ ಸಿಕ್ಕಿಕೊಂಡಿರಬಹುದು. ಸಾದಾ ಎಕ್ಸ್‌ರೇ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ ಮನೆಗೆ ಕಳಿಸೋದುಂಟು. ಸಾದಾ ಸ್ಕ್ಯಾನಿಂಗ್ ಅಲ್ಲ, ಸಿಟಿ ಸ್ಕ್ಯಾನ್ ಮಾಡಿಸಿ ಅಂತ ಪಟ್ಟು ಹಿಡೀರಿ.

ಇನ್ಶೂರೆನ್ಸ್ ಡೆಸ್ಕ್ ಕೆಲಸ ಬಲ್ಲವರು

ತಂಗಿಯವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಈಗ 37 ಚಿಲ್ಲರೆ. ಬೊಜ್ಜಿನ ಆಪರೇಷನ್‌ಗೆ ಪಾಲಿಸಿಗಳ ಸಾಮಾನ್ಯ ಷರತ್ತು: 18 ವರ್ಷ ಆಗಿರಬೇಕು, ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟೋದು), ಹತೋಟಿಗೆ ಬಾರದ ಶುಗರ್ ಥರದ್ದು ಇರಬೇಕು. ಅವರಿಗೆ ಅದ್ಯಾವುದೂ ಇಲ್ಲ. ಅರ್ಜಿಯಲ್ಲಿ 'ತೂಕ ಇಳಿಸುವ ರಿವಿಜನ್' ಅಂತ ಬರೆದರೆ ವಾಪಸ್ ಬರುತ್ತೆ. ನಿಜವಾದ ಕಾರಣ ರಿಫ್ಲಕ್ಸ್ ತಾನೆ, ಅದನ್ನೇ ಬರೆಸಿ: ಸಿ ದರ್ಜೆಯ ಹುಣ್ಣು, ಹಯಾಟಸ್ ಹರ್ನಿಯಾ, ಯಾವ ಮಾತ್ರೆ ಎಷ್ಟು ತಿಂಗಳು ಕೊಟ್ಟರೂ ಗುಣವಾಗಿಲ್ಲ. ಎಂಡೋಸ್ಕೋಪಿ ಫೋಟೋ, ಹಳೆ ಪ್ರಿಸ್ಕ್ರಿಪ್ಷನ್ ಲಗತ್ತಿಸಿ. ಹಿಂದಿನ ಸ್ಲೀವ್ ಮುಚ್ಚಿಡಬೇಡಿ, ಅದೊಂದೇ ಸಾಕು ಕ್ಲೈಮ್ ಬೀಳೋಕೆ. ಮುಂಗಡ ಒಪ್ಪಿಗೆ ಬರಹದಲ್ಲಿ ಬರಲಿ.

ಆಸ್ಪತ್ರೆಯ ಪ್ಯಾಕೇಜಿನಲ್ಲಿ ಸ್ಟೇಪ್ಲರ್ ಕಾರ್ಟ್ರಿಜ್ (ಹೊಟ್ಟೆ, ಕರುಳು ಕತ್ತರಿಸಿ ಜೋಡಿಸೋ ಪಿನ್ನುಗಳ ಪಟ್ಟಿ) ಎಷ್ಟು ಸೇರಿದೆ ಅಂತ ಕೇಳಿ. ದಪ್ಪ ಗೋಡೆಗೆ ಎತ್ತರದ ಪಿನ್ನಿನ ಕಾರ್ಟ್ರಿಜ್ ಬೇಕು. ಒಂದೊಂದಕ್ಕೂ ಪ್ರತ್ಯೇಕ ಬಿಲ್ ಹಾಕಿದರೆ ಕೊನೆಯ ಮೊತ್ತ ಎಲ್ಲಿಗೋ ಹೋಗುತ್ತೆ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ತಂಗಿ ಪಕ್ಕದಲ್ಲೇ ಕೂತು ಓದಿದಳು. ಅವಳದ್ದು ಎರಡು ಪ್ರಶ್ನೆ. ಇನ್ನೊಂದು ಮಗು ಬೇಕು ಅಂತಿದೆ, ಎಷ್ಟು ದಿನ ತಡೀಬೇಕು? ಮುದ್ದೆ ಪೂರ್ತಿ ಬಿಡಬೇಕಾ?

ಡಯಟೀಷಿಯನ್

ಹನ್ನೆರಡರಿಂದ ಹದಿನೆಂಟು ತಿಂಗಳು ತಡೀಲಿ. ಅಲ್ಲೀವರೆಗೆ ಗರ್ಭನಿರೋಧಕ ಮಾತ್ರೆ ನಂಬಬೇಡಿ, ಸರಿಯಾಗಿ ಹೀರದೆ ಹೋಗಬಹುದು. ಕಾಪರ್-ಟಿ ಥರದ್ದು ಕೇಳಿ. ಬಸುರಿಯಾದಾಗ ಶುಗರ್ ನೋಡೋಕೆ ಗ್ಲೂಕೋಸ್ ನೀರು ಕುಡಿಸುತ್ತಾರಲ್ಲ, ಅದಕ್ಕೆ ಒಪ್ಪಬೇಡಿ, ಡಂಪಿಂಗ್ ಆಗುತ್ತೆ. ಬದಲಿಗೆ ಮನೆಯಲ್ಲೇ ಒಂದು ವಾರ ಗ್ಲೂಕೋಮೀಟರ್‌ನಲ್ಲಿ ನೋಡಬಹುದು ಅಂತ ಡಾಕ್ಟರಿಗೆ ನೆನಪಿಸಿ.

ಮುದ್ದೆಯಲ್ಲಿ ತೊಡಕು ರಾಗಿಯದ್ದಲ್ಲ, ನುಂಗೋದರದ್ದು. ಅಗಿಯದೆ ಉಂಡೆ ಮಾಡಿ ಇಳಿಸೋದು ನಮ್ಮ ಅಭ್ಯಾಸ. ಚೀಲದ ಕೆಳಗಿನ ದಾರಿ ಒಂದು, ಒಂದೂವರೆ ಸೆಂಟಿಮೀಟರ್ ಅಗಲ, ಉಂಡೆ ಅಲ್ಲೇ ಕೂತುಬಿಡುತ್ತೆ. ಅಗಿಯೋಕೆ ಹೋದರೆ ಹಲ್ಲಿಗೆಲ್ಲ ಮೆತ್ತುತ್ತೆ. ಅದಕ್ಕೇ ಮೊದಲು ಸೋಸಿದ ಮಜ್ಜಿಗೆ ಹಾಕಿದ ತೆಳು ರಾಗಿ ಅಂಬಲಿ, ಮೂರು ತಿಂಗಳ ಮೇಲೆ ತೆಳ್ಳಗೆ ತಟ್ಟಿದ ರಾಗಿ ರೊಟ್ಟಿ, ತೊವ್ವೆಯಲ್ಲಿ ನೆನೆಸಿ. ತಟ್ಟೆಯಲ್ಲಿ ತೊವ್ವೆ, ಪನೀರ್ ಮೊದಲು ಖಾಲಿಯಾಗಲಿ, ಜಾಗ ಉಳಿದರೆ ರೊಟ್ಟಿ.