ಪದಚರ್ಚೆ: ಕಬೋತ್, ಫಾಪ್, ಸೀಬೂರಫಾ

ಗೆಳೆಯರೇ,

ಥಾಯ್ ಕಾದಂಬರಿಕಾರ ಕುಲಾಪ್ ಸಾಯ್‌ಪ್ರದಿತ್ ಬಗ್ಗೆ ಒಂದು ಪರಿಚಯ ಲೇಖನ ಬರೆಯಲು ಕೂತಿದ್ದೇನೆ. 1905ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿ 1974ರಲ್ಲಿ ಬೀಜಿಂಗಿನಲ್ಲಿ ತೀರಿಕೊಂಡವರು. ಸೀಬೂರಫಾ ಅನ್ನುವ ಹೆಸರಿನಲ್ಲಿ ಬರೆದವರು. ಕಥೆ ಹೇಳಿಕೊಂಡು ಹೋಗುವುದು ಸುಲಭ, ಆದರೆ ಪದಗಳು ಮುಂದೆ ಬಿಡುತ್ತಿಲ್ಲ. ಅವರ ಬದುಕಿನ ದೊಡ್ಡ ದೊಡ್ಡ ಪದಗಳೆಲ್ಲ ಸಂಸ್ಕೃತ ಅಥವಾ ಪಾಳಿಯಿಂದ ಹೋದವು. ಹಾಗಾಗಿ ನಮಗೂ ಗೊತ್ತಿರುವವು. ಗೊತ್ತಿರುವುದೇ ತೊಂದರೆ, ಯಾಕೆಂದರೆ ಅರ್ಥ ಅದಲ್ಲ.

ಮೊದಲು ಹೆಸರು. ಕುಲಾಪ್ ಅಂದರೆ ನಮ್ಮ ಗುಲಾಬಿಯೇ. ಪಾರಸಿಯ ಗುಲಾಬ್ ಎರಡೂ ಕಡೆ ಬಂದಿದೆ. ಥಾಯ್ ಮಾತಿನಲ್ಲಿ ಗಕಾರ ಇಲ್ಲ, ಆದ್ದರಿಂದ ಅದು ಕ ಆಯಿತು. ಇದನ್ನು ಹೇಗಿದೆಯೋ ಹಾಗೆ ಬಿಡೋಣ, ತಕರಾರಿಲ್ಲ.

ಸೀಬೂರಫಾ ಮಾತ್ರ ಗಂಟು. ಥಾಯ್ ಲಿಪಿಯಲ್ಲಿ ಅದನ್ನು ಶ್ರೀ ಮತ್ತು ಪೂರ್ವ ಎರಡೂ ಕಾಣುವ ಹಾಗೆ ಬರೆಯುತ್ತಾರೆ. ಓದುವಾಗ ಶ್ರೀಯ ರಕಾರ ನುಂಗಿ ಸೀ ಅನ್ನುತ್ತಾರೆ. ಪೂರ್ವ ಬೂರಫಾ ಆಗುತ್ತದೆ. ಅಂದರೆ ಬರಹದಲ್ಲಿ ತತ್ಸಮ, ಬಾಯಲ್ಲಿ ತದ್ಭವ! ನಾವು ಶ್ರೀಯನ್ನು ಸಿರಿ ಮಾಡಿಕೊಂಡಾಗ ಬರಹವನ್ನೂ ಬದಲಿಸಿದೆವು. ಅವರು ಬರಹವನ್ನು ಹಾಗೇ ಇಟ್ಟುಕೊಂಡು ನಾಲಿಗೆಯನ್ನು ಬಿಟ್ಟರು.

ಕೆಲವರು ಇದನ್ನು ಕನ್ನಡದಲ್ಲಿ ‘ಶ್ರೀಪೂರ್ವ’ ಎಂದೇ ಬರೆಯಬಹುದಲ್ಲ ಅಂತ ಕೇಳಬಹುದು. ನನಗೆ ಒಪ್ಪಿಗೆ ಇಲ್ಲ. ಅದು ಬಸವಣ್ಣನನ್ನು ವೃಷಭಣ್ಣ ಅಂದ ಹಾಗೆ. ಮೂಲ ಸರಿ ಇರಬಹುದು, ಆ ಹೆಸರಿನಿಂದ ಯಾರೂ ಅವರನ್ನು ಕರೆದಿಲ್ಲ.

ಈ ಉಚ್ಚಾರಕ್ಕೆ ಒಂದು ಜಾಡು ಇದೆ. ಅದು ಹಿಡಿದರೆ ಉಳಿದ ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ. ನಮ್ಮ ಪ ಅಲ್ಲಿ ಎಷ್ಟೋ ಸಲ ಬ ಆಗುತ್ತದೆ. ಪಿತಾ ಬಿದಾ, ಪುರುಷ ಬುರುತ್. ನಮ್ಮ ಬ, ಭ, ಕೆಲವೊಮ್ಮೆ ವ ಕೂಡ ಮಹಾಪ್ರಾಣ ಫ ಆಗುತ್ತದೆ. ಬುದ್ಧ ಫುತ್, ಭಾವ ಫಾಪ್. ಪದದ ಕೊನೆಯ ಎರಡು ವ್ಯಂಜನಗಳ ನಡುವಿನ ಅಕಾರ ಎಷ್ಟೋ ಸಲ ಒಕಾರಕ್ಕೆ ತಿರುಗುತ್ತದೆ. ಜನ ಚೋನ್, ನಗರ ನಖೋನ್. ನಾವೂ ಕಡಿಮೆ ಏನಲ್ಲ, ಪಾಲನ್ನು ಹಾಲು ಮಾಡಿದವರು.

ಇನ್ನು ಬದುಕಿಗೆ ಬರೋಣ. ತಂದೆ ರೈಲ್ವೆಯಲ್ಲಿ ಗುಮಾಸ್ತರು, ಬೇಗ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ಸಾಕಿದರು. ಹುಡುಗ ದೇಪ್ಸಿರಿನ್ ಶಾಲೆಯಲ್ಲಿ ಓದಿ, ಬರವಣಿಗೆಯನ್ನೇ ಕಸುಬು ಮಾಡಿಕೊಂಡ. 1929ರಲ್ಲಿ ಗೆಳೆಯರ ಜತೆ ಒಂದು ಪತ್ರಿಕೆ ತೆಗೆದರು. ಹೆಸರು ‘ಸುಫಾಪ್ ಬುರುತ್’. ಬಿಡಿಸಿದರೆ ಸು, ಭಾವ, ಪುರುಷ. ಸಭ್ಯಸ್ಥ, ಜಂಟಲ್‌ಮನ್ ಅನ್ನುವ ಅರ್ಥ. ಆಗಿನ ಸಿಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ದೊಡ್ಡ ಮನುಷ್ಯ ಅಂದರೆ ಹುಟ್ಟಿನಿಂದ ದೊಡ್ಡವನು. ಕುಲಾಪ್ ಅದನ್ನು ತಿರುವಿ ಹಾಕಿದರು. ಸುಫಾಪ್ ಬುರುತ್ ಆಗಿ ಹುಟ್ಟಿದವನು ಬೇರೆಯವರಿಗಾಗಿ ಹುಟ್ಟಿದವನು ಅಂದರು. ಹಾಗಾಗಿ ‘ಸಂಭಾವಿತ’ ಅಂತ ಅನುವಾದಿಸಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಸಂಭಾವಿತ ಅಂದರೆ ಯಾರ ಗೊಡವೆಗೂ ಹೋಗದವನು, ಅಲ್ವಾ?

ರಾಜನ ನಿರಂಕುಶ ಆಳ್ವಿಕೆ ಮುಗಿಸಿದ 1932ರ ಜೂನ್ ಕ್ರಾಂತಿಗೆ ಕೆಲವೇ ತಿಂಗಳ ಮೊದಲು ‘ಮನುತ್ಸಯಫಾಪ್’ ಅನ್ನುವ ಲೇಖನ ಬರೆದರು. ಮನುಷ್ಯ, ಭಾವ. ಹುಟ್ಟಿನಿಂದ ಯಾರೂ ಮೇಲಲ್ಲ ಅನ್ನುವುದು ಅದರ ಸಾರ. ಅದನ್ನು ಅಚ್ಚು ಹಾಕಿದ ಶ್ರೀಕ್ರುಂಗ್ ಪತ್ರಿಕೆಯನ್ನು ಸರ್ಕಾರ ಕೆಲಕಾಲ ಮುಚ್ಚಿಸಿತು. ಕ್ರಾಂತಿಯಾದ ಮೇಲೆ ‘ಪ್ರಚಾಚಾತ್’ ದಿನಪತ್ರಿಕೆಯ ಸಂಪಾದಕರಾದರು. ಅಕ್ಷರಕ್ಕೆ ಅಕ್ಷರ ನೋಡಿದರೆ ಪ್ರಜಾಜಾತಿ. ಕನ್ನಡದಲ್ಲಿ ಹೀಗೆ ಬರೆದರೆ ಓದುಗ ಯಾವ ಜಾತಿ ಅಂತ ಕೇಳಿಯಾನು. ಅಲ್ಲಿ ಚಾತ್ ಅಂದರೆ ರಾಷ್ಟ್ರ. ಈ ಪತ್ರಿಕೆಯ ಹಿಂದೆ ಇದ್ದ ರಾಜಕುಮಾರ ವಾನ್ ಅವರೇ ಪಾಳಿ, ಸಂಸ್ಕೃತದಿಂದ ಹೊಸ ರಾಜಕೀಯ ಪದಗಳನ್ನು ಕಟ್ಟಿಕೊಟ್ಟವರು. ಕ್ರಾಂತಿಗೆ ‘ಪತಿವತ್’, ಸುಧಾರಣೆಗೆ ‘ಪತಿರೂಪ್’. ನಮ್ಮ ಪದ ಕಟ್ಟುವವರಿಗೆ ಒಳ್ಳೆ ಜತೆಗಾರ.

1936ರಲ್ಲಿ ಕುಲಾಪ್ ಪತ್ರಿಕಾ ಕೆಲಸ ನೋಡಿ ಬರಲು ಜಪಾನಿಗೆ ಹೋದರು. ಅದರಿಂದ ಬಂದದ್ದು ‘ಖಾಂಗ್ ಲಂಗ್ ಫಾಪ್’, 1937ರ ಕಾದಂಬರಿ. ಥಾಯ್ ಓದುಗರು ಇವತ್ತಿಗೂ ಎತ್ತಿ ಹೇಳುವ ಪುಸ್ತಕ. ಎರಡು ಸಲ ಸಿನಿಮಾ ಆಗಿದೆ. ನಾಯಕಿಯ ಹೆಸರು ಕೀರತಿ, ಅಂದರೆ ನಮ್ಮ ಕೀರ್ತಿ. ಮುಂದೆ ‘ಮೋಮ್ ರಾಚವೋಂಗ್’ ಅನ್ನುವ ಬಿರುದು. ಆ ರಾಚವೋಂಗ್ ರಾಜವಂಶ. ವಯಸ್ಸಾದ ಗಂಡ ಒಬ್ಬ ದೊಡ್ಡ ಅಧಿಕಾರಿ, ಅವನ ಬಿರುದಿನಲ್ಲಿ ಅಧಿಕಾರ, ಪತಿ ಎರಡೂ ಇವೆ. ಹುಡುಗ ನೋಪ್ಫೋನ್, ಜಪಾನಿನಲ್ಲಿ ಓದುತ್ತಿರುವವನು. ನವ, ವರ ಸೇರಿ ನೋಪ್ಫೋನ್. ಅವಳಿಗೆ 35, ಅವನಿಗೆ 22. ಇವನಿಗೆ ಆಸೆ ಹುಟ್ಟಿ ಆರಿಹೋಗುತ್ತದೆ, ಅವಳಿಗೆ ಆರುವುದೇ ಇಲ್ಲ. ನನ್ನನ್ನು ಪ್ರೀತಿಸುವವರಿಲ್ಲದೆ ಸಾಯುತ್ತೇನೆ, ಆದರೂ ನಾನು ಪ್ರೀತಿಸುವವರು ಒಬ್ಬರಿದ್ದಾರೆ ಅನ್ನುವ ಅವಳ ಕೊನೆಯ ಮಾತಿನ ಧಾಟಿ ಅಲ್ಲಿ ಎಲ್ಲರಿಗೂ ಬಾಯಿಪಾಠ.

ಇಲ್ಲಿನ ಫಾಪ್ ಕೂಡ ಅದೇ ಭಾವ. ಥಾಯ್‌ನಲ್ಲಿ ಅದಕ್ಕೆ ಚಿತ್ರ ಅನ್ನುವ ಅರ್ಥವೂ ಬಂದಿದೆ. ನಮ್ಮಲ್ಲಿ ಭಾವಚಿತ್ರ ಅನ್ನುತ್ತೇವೆ. ಅವರು ಭಾವವನ್ನು ಉಳಿಸಿಕೊಂಡು ಚಿತ್ರ ಬಿಟ್ಟರು ಅಂತ ತಮಾಷೆಗೆ ಹೇಳಬಹುದು. ಹಾಗಂತ ಶೀರ್ಷಿಕೆಯನ್ನು ‘ಭಾವಚಿತ್ರದ ಹಿಂದೆ’ ಮಾಡಿದರೆ ಕೆಟ್ಟಿತು. ಭಾವಚಿತ್ರ ಅಂದ ಕೂಡಲೇ ನಮಗೆ ಗೋಡೆಯ ಮೇಲೆ ಹಾರ ಹಾಕಿದ ಅಜ್ಜನ ಫೋಟೋ ಕಾಣುತ್ತದೆ. ಕಾದಂಬರಿಯಲ್ಲಿ ಇರುವುದು ಜಪಾನಿನ ಮಿತಾಕೆ ಅನ್ನುವ ಜಾಗದ ಹೊಳೆದಂಡೆ, ಕೀರತಿ ಬಿಡಿಸಿದ ಜಲವರ್ಣ. ‘ಚಿತ್ರದ ಹಿಂದೆ’ ಸಾಕು ಅನ್ನಿಸುತ್ತದೆ. ಬೇರೆ ಇದ್ದರೆ ಹೇಳಿ.

ಈಗ ನಿಜವಾದ ಪ್ರಶ್ನೆ. 1952ರ ನವೆಂಬರಿನಲ್ಲಿ ಕುಲಾಪ್ ಮತ್ತು ಇನ್ನೂ ಅನೇಕರನ್ನು ಪೊಲೀಸರು ಹಿಡಿದರು. ಥಾಯ್ ಸೇನೆ ಕೊರಿಯಾ ಯುದ್ಧಕ್ಕೆ ಹೋದ ಕಾಲ ಅದು. ಇವರು ಶಾಂತಿ ಚಳವಳಿಯಲ್ಲಿದ್ದರು, ಬರ ಬಿದ್ದ ಈಸಾನ್ ಅನ್ನುವ ಈಶಾನ್ಯ ಸೀಮೆಗೆ ಬಟ್ಟೆಬರೆ ಹಂಚಲು ಹೋಗಿದ್ದರು. ಈ ಮೊಕದ್ದಮೆಗೆ ಇತಿಹಾಸದಲ್ಲಿ ನಿಂತ ಹೆಸರು ‘ಕಬೋತ್ ಸಂತಿಫಾಪ್’. ಸಂತಿಫಾಪ್ ಅಂದರೆ ಶಾಂತಿ. ಕಬೋತ್ ಏನು ಗೊತ್ತಾ? ಮೇಲಿನ ಜಾಡಿನಲ್ಲೇ ನಡೆಯಿರಿ. ಪ ಬ ಆಗಿದೆ, ಅ ಒ ಆಗಿದೆ, ಕೊನೆಯ ಟ ತ ಆಗಿದೆ. ಕಪಟ!

ಅಲ್ಲಿ ಅದರ ಅರ್ಥ ದಂಗೆ, ರಾಜದ್ರೋಹ. ಆಳುವವನ ಕಣ್ಣಿಗೆ ಎದುರು ನಿಂತದ್ದೆಲ್ಲ ಕಪಟವೇ, ಆದ್ದರಿಂದ ಅರ್ಥ ಹೀಗೆ ಜಾರಿದ್ದರಲ್ಲಿ ಆಶ್ಚರ್ಯವಿಲ್ಲ. ಥಾಯ್ ರಾಜಕೀಯದಲ್ಲಿ ಸೋತವನ ದಂಡಯಾತ್ರೆಗೆ ಕಬೋತ್ ಅನ್ನುತ್ತಾರೆ. ಗೆದ್ದು ಸರ್ಕಾರ ಉರುಳಿಸಿದರೆ ‘ರತ್ಥಪ್ರಹಾನ್’. ರಾಷ್ಟ್ರ, ಪ್ರಹಾರ. 1958ರಲ್ಲಿ ಗೆದ್ದ ಸೇನಾ ದಂಡನಾಯಕ ಸರಿತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನದನ್ನು ಪತಿವತ್ ಅಂತಲೇ ಕರೆದುಕೊಂಡ.

ಇದನ್ನು ಕನ್ನಡಕ್ಕೆ ಹೇಗೆ ತರುವುದು? ‘ಶಾಂತಿ ಬಂಡಾಯ’ ಮೊದಲು ಹೊಳೆಯುತ್ತದೆ. ಆದರೆ ಬಂಡಾಯ ಸಾಹಿತ್ಯ ಬಂದ ಮೇಲೆ ನಮ್ಮಲ್ಲಿ ಬಂಡಾಯ ಎದೆಯುಬ್ಬಿಸಿ ಹೇಳುವ ಪದ. ಕಬೋತ್ ಆಪಾದನೆಯ ಪದ, ಹಣೆಗೆ ಅಂಟಿಸಿದ್ದು. ‘ಶಾಂತಿ ದ್ರೋಹ’ ಅಂದರೆ ಶಾಂತಿಗೇ ದ್ರೋಹ ಬಗೆದ ಹಾಗೆ ಕೇಳುತ್ತದೆ, ಪೂರ್ತಿ ಉಲ್ಟಾ. ‘ಶಾಂತಿ ಪಿತೂರಿ’ ನನಗೆ ಹತ್ತಿರ ಅನ್ನಿಸುತ್ತಿದೆ. ನಮ್ಮ ಕೋರ್ಟು, ಪತ್ರಿಕೆಗಳಲ್ಲಿ ಪಿತೂರಿ ಮೊಕದ್ದಮೆ ಬಳಕೆಯಲ್ಲಿದೆ. ಕಪಟದ ನೆರಳೂ ಅದರಲ್ಲಿ ಉಳಿಯುತ್ತದೆ. ಆದರೆ ಪಿತೂರಿ ಗುಟ್ಟಾಗಿ ನಡೆಯುವುದು. ಇವರು ಬಟ್ಟೆ ಹೇರಿಕೊಂಡು ಎಲ್ಲರ ಎದುರೇ ಹೋದವರು. ಅಲ್ಲಿ ಸ್ವಲ್ಪ ಕೊಸರು.

ಶಿಕ್ಷೆ 13 ವರ್ಷ 4 ತಿಂಗಳು. ಬುದ್ಧ ಶಕೆ 2500ರ ಹೊತ್ತಿಗೆ, ಅಂದರೆ 1957ರಲ್ಲಿ, ಬಿಡುಗಡೆಯಾಯಿತು. ಜೈಲಿನಲ್ಲಿ ‘ಲೇ ಪಾಯ್ ಖಾಂಗ್ ನಾ’ ಶುರು ಮಾಡಿದ್ದರು. ಮುಂದಕ್ಕೆ ನೋಡು ಅಂತ. ಈಸಾನಿನ ಬಡ ಹುಡುಗನೊಬ್ಬ ಬ್ಯಾಂಕಾಕಿನ ದೊಡ್ಡವರ ಶಾಲೆಗೆ ಬರುವ ಕಥೆ. ಭಾಗಗಳ ಹೆಸರು ಪ್ರಥಮ ವಯ, ಮಧ್ಯಮ ವಯ ಎಂಬ ಪದಗಳಿಂದಲೇ ಆದವು. ಕೃತಿ ಅಲ್ಲಿಗೇ ನಿಂತಿತು. 1958ರಲ್ಲಿ ನಿಯೋಗದ ಜತೆ ಚೀನಾದಲ್ಲಿದ್ದಾಗ ಸರಿತ್ ಅಧಿಕಾರ ಹಿಡಿದ. ಊರಿಗೆ ಮರಳಿದ ಜತೆಗಾರರು ಜೈಲು ಸೇರಿದರು. ಕುಲಾಪ್ ಮರಳಲಿಲ್ಲ.

ಕೊನೆಗೆ ಎರಡು ಸಣ್ಣ ಸಂಶಯ. ಸೀಬೂರಫಾದಲ್ಲಿ ಫ ಬರೆದರೆ ಈಗಿನವರು ಫೋನಿನ ಫ ಮಾಡಿ ಓದುತ್ತಾರೆ, ಫಲಕ್ಕೂ ಅದೇ ಗತಿ ಬಂದಿದೆ. ಪ ಬರೆದರೆ ಮಹಾಪ್ರಾಣ ಹೋಗುತ್ತದೆ. ನಾನು ಸದ್ಯಕ್ಕೆ ಫ ಇಟ್ಟಿದ್ದೇನೆ. ಇನ್ನೊಂದು, ಥಾಯ್‌ನಲ್ಲಿ ಇಂಥ ಹೆಸರಿಗೆ ‘ನಾಮ್ ಪಾಕ್ಕಾ’ ಅನ್ನುತ್ತಾರೆ, ಲೇಖನಿಯ ನಾಮ. ಕವಿತೆಯ ಸಹವಾಸ ಇಲ್ಲದ ಕಾದಂಬರಿಕಾರನಿಗೂ ನಾವು ಸುಮ್ನೆ ‘ಕಾವ್ಯನಾಮ’ ಅಂತ ಬರೆಯುತ್ತಾ ಬಂದಿದ್ದೇವೆ. ಅದೇ ಇರಲಾ, ಅಥವಾ ‘ಬರಹದ ಹೆಸರು’ ಅಂದರೆ ನಡೆಯುತ್ತದಾ? ಪಿತೂರಿ ಬಗ್ಗೆ ಮಾತ್ರ ದಯವಿಟ್ಟು ಬೇಗ ಹೇಳಿ, ಲೇಖನ ಅಲ್ಲಿಗೇ ನಿಂತಿದೆ.